ಚೀಟಿಯಲ್ಲಿ ಔಷಧದ ಹೆಸರು ಕೊನೆಗೆ ಬರಲಿ: ಆ್ಯಂಟಿಬಯಾಟಿಕ್ ಬಳಕೆಗೊಂದು ದವಾಖಾನೆ ಮಾರ್ಗದರ್ಶಿ

“ಮೂರು ದಿವ್ಸ ಆತ್ರಿ ಸರ, ಜ್ವರ ಬಿಡವಲ್ದು. ಛಲೋ ಪಾವರ್ ಇರೋ ಗುಳಿಗಿ ಬರ್ದು ಕೊಡ್ರಿ.” ಹೀಗೆ ಕೇಳುವ ರೋಗಿ ಎದುರಿಗೆ ಕುಳಿತಾಗ ಅಜಿತ್ರೊಮೈಸಿನ್ 500, ಸೆಫಿಕ್ಸಿಮ್ 200, ಇಲ್ಲವೇ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಇಂಜೆಕ್ಷನ್, ಈ ಮೂರರಲ್ಲಿ ಒಂದು ಪೆನ್ನಿನ ತುದಿಗೆ ತಾನಾಗಿ ಬಂದು ನಿಲ್ಲುತ್ತದೆ. ಕೆಲವೊಮ್ಮೆ ಅದು ಸರಿಯಾದ ಔಷಧವೇ ಆಗಿರುತ್ತದೆ. ಆದರೆ ಹೆಸರು ಮೊದಲು ಬಂದು ಕಾರಣವನ್ನು ಆಮೇಲೆ ಹುಡುಕುವ ಕ್ರಮದಲ್ಲಿ ತಪ್ಪಿನ ಸಾಧ್ಯತೆ ಹೆಚ್ಚು. ಸೋಂಕು ಬ್ಯಾಕ್ಟೀರಿಯದ್ದೇ, ದೇಹದ ಯಾವ ಭಾಗದಲ್ಲಿದೆ, ರೋಗಿ ಎಷ್ಟು ಬಳಲಿದ್ದಾನೆ, ಯಾವ ಮಾದರಿ ತೆಗೆಯಬೇಕು ಎಂಬ ಪ್ರಶ್ನೆಗಳು ಮುಗಿದ ಮೇಲೆ ಔಷಧದ ಹೆಸರು ಬರಬೇಕು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮತ್ತು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡುವ ವೈದ್ಯರು, ಇಂಟರ್ನ್‌ಗಳು ಮತ್ತು ಫಾರ್ಮಾಸಿಸ್ಟ್‌ಗಳಿಗಾಗಿ ಇದನ್ನು ಬರೆದಿದೆ. ಬೇರೆ ಹೇಳದಿದ್ದರೆ ಇಲ್ಲಿನ ಪ್ರಮಾಣಗಳು ಮೂತ್ರಪಿಂಡ ಸರಿಯಿರುವ ವಯಸ್ಕರಿಗೆ. ರೋಗಿಗಳು ಇದನ್ನು ನೋಡಿ ತಾವೇ ಗುಳಿಗೆ ತರಿಸಿಕೊಳ್ಳುವುದಕ್ಕೆ ಅಲ್ಲ.

ಹೆಜ್ಜೆ 1: ಆ್ಯಂಟಿಬಯಾಟಿಕ್ ಬೇಕೇ?

ನೆಗಡಿ, ಎದೆ ಸ್ವಚ್ಛವಾಗಿರುವ ಕೆಮ್ಮು, ಬಹುಪಾಲು ಗಂಟಲು ನೋವು, ನೀರಿನಂಥ ಭೇದಿ, ಡೆಂಗಿ ಇವುಗಳಿಗೆ ಬೇಡ. ಕಫ ಹಳದಿ ಅಥವಾ ಹಸಿರಾಗಿದೆ ಎಂಬುದು ಬ್ಯಾಕ್ಟೀರಿಯದ ಗುರುತಲ್ಲ. ವೈರಸ್ ಸೋಂಕಿನಲ್ಲೂ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಯ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೆಣಸಿನಕಾಯಿ ಸುಗ್ಗಿಯಲ್ಲಿ ಗಂಟಲು ಉರಿ, ಕೆಮ್ಮು, ಮೂಗು ಸೋರಿಕೆ ಎಂದು ಬರುತ್ತಾರೆ. ಜ್ವರವಿಲ್ಲ, ಎದೆ ಸ್ವಚ್ಛ, ರಜೆ ಮಾಡಿದ ದಿನ ಕಡಿಮೆ ಎಂದರೆ ಅದು ಘಾಟಿನ ಕೆಮ್ಮು. ಅಲ್ಲಿ ಕೆಲಸ ಮಾಡುವುದು ಮೂಗು-ಬಾಯಿಗೆ ಕಟ್ಟುವ ಬಟ್ಟೆ, ಅಜಿತ್ರೊಮೈಸಿನ್ ಅಲ್ಲ.

ಗಂಟಲು ನೋವಿಗೆ ನಾಲ್ಕು ಅಂಶ ನೋಡಿ: 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಟಾನ್ಸಿಲ್ ಮೇಲೆ ಕೀವಿನ ಪದರ, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು, ಕೆಮ್ಮು ಇಲ್ಲದಿರುವುದು. ಮೂರು ಅಥವಾ ನಾಲ್ಕು ಇದ್ದರೆ ಸ್ಟ್ರೆಪ್ಟೊಕಾಕಸ್ ಎಂದು ಚಿಕಿತ್ಸೆ ಮಾಡಬಹುದು. 5ರಿಂದ 15 ವರ್ಷದ ಮಕ್ಕಳಲ್ಲಿ ಕೈ ಸ್ವಲ್ಪ ಸಡಿಲವಿರಲಿ, ಏಕೆಂದರೆ ಈ ಸ್ಟ್ರೆಪ್ಟೊಕಾಕಸ್ ಸೋಂಕಿನ ಹಿಂದೆ ಬರುವ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳು ನಮ್ಮಲ್ಲಿ ಇನ್ನೂ ಬರುತ್ತಿದ್ದಾರೆ. ಅಮಾಕ್ಸಿಸಿಲಿನ್ ದಿನಕ್ಕೆ ಕೆ.ಜಿ.ಗೆ 50 ಮಿ.ಗ್ರಾಂ, ಒಂದೇ ಹೊತ್ತು, ಗರಿಷ್ಠ 1 ಗ್ರಾಂ, 10 ದಿನ. ಗಂಟಲಿನಿಂದ ಸ್ಟ್ರೆಪ್ಟೊಕಾಕಸ್ ಪೂರ್ತಿ ಹೋಗುವುದೇ ಉದ್ದೇಶವಾದ್ದರಿಂದ ಈ ಹತ್ತು ದಿನವನ್ನು ಮೊಟಕುಗೊಳಿಸಬಾರದು. ಹತ್ತು ದಿನ ಕೊಡುವುದು ಮನೆಯವರಿಂದ ಆಗದು ಎನಿಸಿದರೆ ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿಗೆ ಒಂದೇ ಸಲ: 27 ಕೆ.ಜಿ.ಗಿಂತ ಕಡಿಮೆ ಇದ್ದರೆ 6 ಲಕ್ಷ ಯೂನಿಟ್, ಹೆಚ್ಚಿದ್ದರೆ 12 ಲಕ್ಷ.

ಭೇದಿಗೆ ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಸತು 20 ಮಿ.ಗ್ರಾಂ ದಿನಕ್ಕೊಮ್ಮೆ 14 ದಿನ (ಆರು ತಿಂಗಳೊಳಗಿನ ಕೂಸಿಗೆ 10 ಮಿ.ಗ್ರಾಂ). ಮಲದಲ್ಲಿ ರಕ್ತ ಇದ್ದರೆ, ಇಲ್ಲವೇ ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ ಕಾಲರಾ ಶಂಕೆ ಬಂದರೆ ಮಾತ್ರ ಆ್ಯಂಟಿಬಯಾಟಿಕ್. ಕಾಲರಾಕ್ಕೆ ವಯಸ್ಕರಿಗೆ ಡಾಕ್ಸಿಸೈಕ್ಲಿನ್ 300 ಮಿ.ಗ್ರಾಂ ಒಂದೇ ಸಲ. ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಗುಳಿಗೆ ನಮ್ಮ ಭಾಗದಲ್ಲಿ ಹೊಟ್ಟೆ ಕೆಟ್ಟವರಿಗೆಲ್ಲ ಹೋಗುತ್ತದೆ. ಒಂದು ಭೇದಿಗೆ ಬ್ಯಾಕ್ಟೀರಿಯ ಮತ್ತು ಅಮೀಬ ಎರಡೂ ಒಟ್ಟಿಗೆ ಕಾರಣವಾಗುವುದು ಅಪರೂಪ. ಆ ಜೋಡಿಯನ್ನು ಚೀಟಿಯಿಂದ ಕೈಬಿಟ್ಟರೆ ರೋಗಿಗೆ ನಷ್ಟವೇನೂ ಇಲ್ಲ.

ಹೆಜ್ಜೆ 2: ರೋಗಿ ಎಷ್ಟು ಬಳಲಿದ್ದಾನೆ?

ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆ, ಮಾತಿನಲ್ಲಿ ಗೊಂದಲ. ಈ ಮೂರರಲ್ಲಿ ಎರಡಿದ್ದರೆ ನಿಧಾನವಾಗಿ ಯೋಚಿಸುವ ಹೊತ್ತಲ್ಲ. ಸೆಪ್ಸಿಸ್‌ನಿಂದ (ಸೋಂಕಿಗೆ ಇಡೀ ದೇಹವೇ ತತ್ತರಿಸಿದ ಸ್ಥಿತಿ) ರಕ್ತದೊತ್ತಡ ಬಿದ್ದ ರೋಗಿಗೆ ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಬೇಕು. ಚಿಕ್ಕ ಆಸ್ಪತ್ರೆಯಲ್ಲಿ ಮಾಡಬಹುದಾದ್ದು ಇಷ್ಟು: ಬಾಟಲಿ ಇದ್ದರೆ ಕಲ್ಚರ್‌ಗೆ (ಬ್ಯಾಕ್ಟೀರಿಯ ಬೆಳೆಸಿ ಗುರುತಿಸುವ ಪರೀಕ್ಷೆ) ರಕ್ತ ತೆಗೆಯಿರಿ, ಸೆಫ್ಟ್ರಿಯಾಕ್ಸೋನ್ 2 ಗ್ರಾಂ ರಕ್ತನಾಳಕ್ಕೆ ಕೊಡಿ, ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. ಸಲಾಯಿನ್ ಗುರಿ ಇಟ್ಟು ಆರಂಭಿಸಿ, 108ಕ್ಕೆ ಕರೆ ಮಾಡಿ. ಕಲ್ಚರ್ ಬಾಟಲಿ ಇಲ್ಲವೆಂದು ಡೋಸ್ ತಡಮಾಡಬೇಡಿ. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂದು ರೆಫರಲ್ ಚೀಟಿಯಲ್ಲಿ ಬರೆಯಿರಿ. ಇದಿಲ್ಲದೆ ಹೋದರೆ ದೊಡ್ಡ ಆಸ್ಪತ್ರೆಯಲ್ಲಿ ಕಲ್ಚರ್ ‘ಏನೂ ಬೆಳೆದಿಲ್ಲ’ ಎಂದು ಬಂದಾಗ ಅದಕ್ಕೆ ಏನು ಅರ್ಥ ಹಚ್ಚಬೇಕು ಎಂಬುದೇ ತಿಳಿಯುವುದಿಲ್ಲ.

ಉಳಿದ ಬಹುತೇಕ ರೋಗಿಗಳ ವಿಷಯದಲ್ಲಿ ಯೋಚಿಸಲು ಒಂದೆರಡು ದಿನ ಇರುತ್ತದೆ.

ಹೆಜ್ಜೆ 3: ಮಳೆಗಾಲದ ಜ್ವರ, ಎಲ್ಲಿಯದೆಂದು ಗೊತ್ತಿಲ್ಲದ್ದು

ಜೂನ್‌ನಿಂದ ನವೆಂಬರ್‌ವರೆಗೆ ಅತಿ ಹೆಚ್ಚು ಆ್ಯಂಟಿಬಯಾಟಿಕ್ ಪೋಲಾಗುವುದು ಇಲ್ಲೇ, ನಿಜವಾಗಿ ಬೇಕಾದವರಿಗೆ ತಪ್ಪು ಔಷಧ ಹೋಗುವುದೂ ಇಲ್ಲೇ.

ಮೊದಲ ಮೂರು ದಿನ, ರೋಗಿ ಊಟ-ನೀರು ತಗೊಳ್ಳುತ್ತಿದ್ದು ಅಪಾಯದ ಲಕ್ಷಣ ಇಲ್ಲದಿದ್ದರೆ, ಪ್ಯಾರಾಸಿಟಮಾಲ್, ಮಲೇರಿಯಾ ಪರೀಕ್ಷೆ, ರಕ್ತಕಣ ಎಣಿಕೆ, ಡೆಂಗಿ ಎನ್‌ಎಸ್1 ಸಾಕು. ಎನ್‌ಎಸ್1 (ವೈರಸ್‌ನ ಅಂಶ ಹುಡುಕುವ ಪರೀಕ್ಷೆ) ಮೊದಲ ಐದು ದಿನ ನಂಬಬಹುದು, ಆಮೇಲೆ ಐಜಿಎಂ (ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಪರೀಕ್ಷೆ) ಬೇಕು. ನಲವತ್ತೆಂಟು ಗಂಟೆ ಬಿಟ್ಟು ಮತ್ತೆ ನೋಡಿ. ಈ ಅವಧಿಯಲ್ಲಿ ಡೆಕ್ಸಾಮೆಥಾಸೋನ್ ಸೇರಿಸಿದ ‘ಮಿಶ್ರ’ ಇಂಜೆಕ್ಷನ್ ಕೊಡಬೇಡಿ. ಜ್ವರ ಒಂದು ದಿನ ಮರೆಯಾಗಿ ರೋಗಿ ಖುಷಿಯಾಗುತ್ತಾನೆ, ಆದರೆ ಕಾಯಿಲೆಯ ಚಹರೆ ಅಳಿಸಿಹೋಗುತ್ತದೆ.

ಐದನೇ ದಿನವೂ ಜ್ವರ ಇದ್ದರೆ ಮೂರು ಕಾಯಿಲೆ ಮನಸ್ಸಿನಲ್ಲಿರಲಿ.

ಸ್ಕ್ರಬ್ ಟೈಫಸ್ (ಕುರುಚಲು ಗಿಡಗಳಲ್ಲಿರುವ ಸಣ್ಣ ನುಸಿಯ ಕಡಿತದಿಂದ ಬರುವ ಜ್ವರ): ಕಲಘಟಗಿ, ಹಾನಗಲ್ಲ, ಶಿಗ್ಗಾವಿ ಕಡೆಯ ಗದ್ದೆ, ಬದು, ಕುರುಚಲು ಗಿಡಗಳ ನಡುವೆ ಕೆಲಸ ಮಾಡುವವರಲ್ಲಿ ಇದನ್ನು ನೆನೆಯದೆ ಬಿಡಬಾರದು. ಮೈಮೇಲೆ ಎಸ್ಕಾರ್ ಹುಡುಕಿ. ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೊಪ್ಪಳೆ, ಸುತ್ತ ಕೆಂಪು ಅಂಚು. ಅದು ನೋಯುವುದಿಲ್ಲ, ಹಾಗಾಗಿ ರೋಗಿ ಹೇಳುವುದೂ ಇಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಉಡದಾರ ಅಥವಾ ಸೀರೆಯ ಗಂಟು ಕೂಡುವ ಸೊಂಟ, ಕಿವಿಯ ಹಿಂದೆ: ಬಟ್ಟೆ ಸರಿಸಿ, ಬೆಳಕು ಹಿಡಿದು ನೋಡಬೇಕು. ಹೆಣ್ಣುಮಕ್ಕಳನ್ನು ನರ್ಸ್ ನೋಡಲಿ. ಎಸ್ಕಾರ್ ಸಿಗದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, 7 ದಿನ. ಐಜಿಎಂ ವರದಿಗೆ ಕಾಯಬೇಡಿ. ಅದು ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ಗರ್ಭಿಣಿಗೆ ಅಜಿತ್ರೊಮೈಸಿನ್. ಔಷಧ ಹಿಡಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ, ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ನೋಡಿ. ಈ ರೋಗಾಣು ಜೀವಕೋಶದ ಒಳಗೆ ಕೂತು ಬೆಳೆಯುವಂಥದ್ದು, ಸೆಫ್ಟ್ರಿಯಾಕ್ಸೋನ್ ಆಗಲಿ ಮೆರೊಪೆನೆಮ್ ಆಗಲಿ ಅದಕ್ಕೆ ನಾಟುವುದಿಲ್ಲ. ಐದು ದಿನ ಸೆಫ್ಟ್ರಿಯಾಕ್ಸೋನ್ ಹೋಗಿಯೂ ಜ್ವರ ನಿಂತಿಲ್ಲ, ಪ್ಲೇಟ್‌ಲೆಟ್ ಇಳಿದಿದೆ, ಲಿವರ್ ಕಿಣ್ವ ಏರಿದೆ, ಉಸಿರು ಏದುತ್ತಿದೆ ಎಂಬ ರೋಗಿಗೆ ಇನ್ನೂ ದುಬಾರಿ ಇಂಜೆಕ್ಷನ್ ಏರಿಸುವ ಮೊದಲು ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆಯೇ ನೋಡಿ. ಪಟ್ಟಿಯಲ್ಲಿ ಬಹುಶಃ ಅತ್ಯಂತ ಅಗ್ಗದ ಗುಳಿಗೆ ಅದೇ.

ಇಲಿಜ್ವರ (ಲೆಪ್ಟೊಸ್ಪೈರೋಸಿಸ್): ಕಣ್ಣು ಕೆಂಪು ಆದರೆ ಪಿಸುರು ಇಲ್ಲ, ಮೀನಖಂಡ ಒತ್ತಿದರೆ ಚೀರುತ್ತಾರೆ, ಕಾಮಾಲೆ, ಮೂತ್ರ ಕಡಿಮೆ; ಜೊತೆಗೆ ಕೆಸರಲ್ಲಿ ನಿಂತ ಅಥವಾ ದನದ ಕೊಟ್ಟಿಗೆ ಬಳಿದ ಕೆಲಸ. ಸೌಮ್ಯವಾಗಿದ್ದರೆ ಅದೇ ಡಾಕ್ಸಿಸೈಕ್ಲಿನ್ 7 ದಿನ, ತೀವ್ರವಿದ್ದರೆ ಪೆನಿಸಿಲಿನ್ 15 ಲಕ್ಷ ಯೂನಿಟ್ ಆರು ಗಂಟೆಗೊಮ್ಮೆ ಅಥವಾ ಸೆಫ್ಟ್ರಿಯಾಕ್ಸೋನ್. ಸ್ಕ್ರಬ್ಬೋ ಇಲಿಜ್ವರವೋ ಎಂದು ಬಿಡಿಸಲಾಗದಾಗ ಎರಡಕ್ಕೂ ಡಾಕ್ಸಿಸೈಕ್ಲಿನ್ ಆಗಿಬರುತ್ತದೆ.

ಟೈಫಾಯ್ಡ್: ವಿಡಾಲ್ ಪರೀಕ್ಷೆಯ ಒಂದೇ ಚೀಟಿ ಹಿಡಿದು ಚಿಕಿತ್ಸೆ ಆರಂಭಿಸುವ ಅಭ್ಯಾಸ ಕೈಬಿಡಬೇಕು. ಜ್ವರದ ಎರಡನೇ-ಮೂರನೇ ದಿನ ಮಾಡಿದ ವಿಡಾಲ್‌ಗೆ ಅರ್ಥವೇ ಇಲ್ಲ. ನಮ್ಮಂಥ ಪ್ರದೇಶದಲ್ಲಿ ಹಿಂದಿನ ಸೋಂಕಿನಿಂದ, ಬೇರೆ ಜ್ವರದಿಂದಲೂ 1:80, 1:160ರಂಥ ಪಾಸಿಟಿವ್ ಅಂಕಿ ಬರುತ್ತದೆ. ನಿಜವಾದ ಪರೀಕ್ಷೆ ರಕ್ತದ ಕಲ್ಚರ್, ಅದೂ ಮೊದಲ ಡೋಸ್‌ಗಿಂತ ಮುಂಚೆ. ಬಾಯಿಯಿಂದ ಅಜಿತ್ರೊಮೈಸಿನ್ ದಿನಕ್ಕೆ ಕೆ.ಜಿ.ಗೆ 20 ಮಿ.ಗ್ರಾಂ, ಗರಿಷ್ಠ 1 ಗ್ರಾಂ, 7 ದಿನ. ವಾಂತಿ, ಹೊಟ್ಟೆಯುಬ್ಬರ ಇದ್ದು ದಾಖಲಾದರೆ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 2 ಗ್ರಾಂ, 10ರಿಂದ 14 ದಿನ. ಸಿಪ್ರೊಫ್ಲಾಕ್ಸಾಸಿನ್ ಬೇಡ, ಭಾರತದ ಟೈಫಾಯ್ಡ್ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಅದಕ್ಕೆ ಬಗ್ಗುವುದಿಲ್ಲ. ಇನ್ನೊಂದು ಮಾತು. ಸರಿಯಾದ ಔಷಧ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಬೇಕು. ಮೂರನೇ ದಿನ ಮನೆಯವರ ಒತ್ತಡಕ್ಕೆ ಸಿಕ್ಕು ಔಷಧ ಬದಲಿಸಿದರೆ, ನಾಲ್ಕನೇ ದಿನ ಇಳಿದ ಜ್ವರದ ಕೀರ್ತಿ ಹೊಸ ಔಷಧಕ್ಕೆ ಹೋಗುತ್ತದೆ; ಮುಂದಿನ ರೋಗಿಗೆ ಅದೇ ಮೊದಲ ಆಯ್ಕೆ ಆಗಿಬಿಡುತ್ತದೆ.

ಹೆಜ್ಜೆ 4: ಮಾದರಿ ಮೊದಲು, ಡೋಸ್ ಆಮೇಲೆ

ರಕ್ತದ ಕಲ್ಚರ್ ತಪ್ಪುವುದು ಸಾಮಾನ್ಯವಾಗಿ ರಕ್ತ ಕಡಿಮೆ ತೆಗೆಯುವುದರಿಂದ. ವಯಸ್ಕರಿಗೆ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ., ಎರಡು ಬೇರೆ ಜಾಗದಿಂದ. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್-ಸ್ಪಿರಿಟ್ ಉಜ್ಜಿ, ಆರಲು ಬಿಟ್ಟು, ಮತ್ತೆ ಬೆರಳಿಂದ ರಕ್ತನಾಳ ಮುಟ್ಟದೆ ಸೂಜಿ ಹಾಕಿ. ಹಳೆಯ ಕ್ಯಾನುಲಾದಿಂದ (ರಕ್ತನಾಳದಲ್ಲಿ ಮೊದಲೇ ಹಾಕಿಟ್ಟ ಕೊಳವೆ) ಎಳೆಯಬೇಡಿ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ. ರೋಣದಿಂದಲೋ ಹಿರೇಕೆರೂರಿನಿಂದಲೋ ಬಾಟಲಿ ಕಳಿಸುವಾಗ ಐಸ್ ಪೆಟ್ಟಿಗೆಯಲ್ಲಿಡಬೇಡಿ, ಕೋಣೆಯ ಉಷ್ಣತೆಯಲ್ಲೇ ಹೋಗಲಿ, ಆದಷ್ಟು ಬೇಗ ಮುಟ್ಟಲಿ. ಮೂತ್ರ ಇದಕ್ಕೆ ತದ್ವಿರುದ್ಧ: ಎರಡು ಗಂಟೆಯೊಳಗೆ ಲ್ಯಾಬ್ ಸೇರದಿದ್ದರೆ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯ ಬೆಳೆದು ಸುಳ್ಳು ಎಣಿಕೆ ಬರುತ್ತದೆ. ಕ್ಯಾಥೆಟರ್‌ಗೆ ಜೋಡಿಸಿದ ಮೂತ್ರದ ಚೀಲದಿಂದ ತೆಗೆದ ಮಾದರಿ ಕಸಕ್ಕೆ. ಗಾಯದ ಮೇಲ್ಮೈ ಸ್ವ್ಯಾಬ್‌ಗಿಂತ ಸಿರಿಂಜಿನಿಂದ ಎಳೆದ ಕೀವು ಒಳ್ಳೆಯದು.

ವರದಿಯಲ್ಲಿ ‘ಎಸ್’ ಎಂದರೆ ಔಷಧ ನಾಟುತ್ತದೆ, ‘ಆರ್’ ಎಂದರೆ ನಾಟದು; ಹಾಗೆಂದು ‘ಎಸ್’ ಇರುವ ಮೊದಲ ಹೆಸರನ್ನು ಆರಿಸಬೇಡಿ. ಬೇರೆ ಬೇರೆ ಔಷಧಗಳ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಅಂಕಿಗಳನ್ನು ಹೋಲಿಸಿ ಕಡಿಮೆ ಅಂಕಿಯದ್ದೇ ಬಲಶಾಲಿ ಎನ್ನುವುದೂ ತಪ್ಪು, ಪ್ರತಿ ಔಷಧಕ್ಕೂ ಅದರದೇ ಅಳತೆಗೆರೆ ಇದೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ ಸೆಫಾಕ್ಸಿಟಿನ್ ಎದುರು ‘ಆರ್’ ಇದ್ದರೆ ಅದು ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್), ನಮ್ಮ ಕಪಾಟಿನ ಪೆನಿಸಿಲಿನ್, ಸೆಫಲೊಸ್ಪೊರಿನ್ ಯಾವುವೂ ಕೆಲಸ ಮಾಡವು. ಟೈಫಾಯ್ಡ್ ಬ್ಯಾಕ್ಟೀರಿಯದ ವರದಿಯಲ್ಲಿ ಅಮಿಕಾಸಿನ್ ‘ಎಸ್’ ಎಂದು ಬಂದರೂ ರೋಗಿಯಲ್ಲಿ ಅದು ನಾಟದು. ಒಂದೇ ಬಾಟಲಿಯಲ್ಲಿ ಚರ್ಮದ ಸ್ಟ್ಯಾಫಿಲೊಕಾಕಸ್ ಬೆಳೆದರೆ ಬಹುತೇಕ ಅದು ಸೂಜಿ ಹಾಕುವಾಗ ಚರ್ಮದಿಂದ ಸೇರಿದ್ದು.

ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್ ವೈದ್ಯಕೀಯ ಕಾಲೇಜುಗಳಾದ್ದರಿಂದ ಅಲ್ಲಿ ಸೂಕ್ಷ್ಮಜೀವಿ ವಿಭಾಗಗಳಿವೆ. ನೀವು ಮಾದರಿ ಕಳಿಸುವ ಲ್ಯಾಬ್ ಯಾವುದೇ ಇರಲಿ, ವರ್ಷಕ್ಕೊಮ್ಮೆ ಅವರ ಆ್ಯಂಟಿಬಯೋಗ್ರಾಂ (ಯಾವ ಬ್ಯಾಕ್ಟೀರಿಯಕ್ಕೆ ಯಾವ ಔಷಧ ಎಷ್ಟು ನಾಟಿದೆ ಎಂಬ ಪಟ್ಟಿ) ಕೇಳಿ ಪಡೆಯಿರಿ. ಪಠ್ಯಪುಸ್ತಕದ ಶಿಫಾರಸಿಗಿಂತ ಆ ಒಂದು ಹಾಳೆ ನಿಮ್ಮ ಊರಿನ ಉರಿಮೂತ್ರಕ್ಕೆ ಹೆಚ್ಚು ಉಪಯೋಗ.

ಹೆಜ್ಜೆ 5: ಈಗ ಔಷಧ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಆ್ಯಕ್ಸೆಸ್ (ಮೊದಲು ಬಳಸಬೇಕಾದ) ಗುಂಪಿನಲ್ಲಿ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಲೆಕ್ಸಿನ್, ನೈಟ್ರೋಫ್ಯುರಾಂಟೊಯಿನ್, ಅಮಿಕಾಸಿನ್. ವಾಚ್ (ಎಚ್ಚರದಿಂದ ಬಳಸಬೇಕಾದ) ಗುಂಪಿನಲ್ಲಿ ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಲೆವೊಫ್ಲಾಕ್ಸಾಸಿನ್, ಮೆರೊಪೆನೆಮ್. ರಿಸರ್ವ್ (ಕೊನೆಯ ಉಪಾಯದ) ಗುಂಪಿನಲ್ಲಿ ಕೊಲಿಸ್ಟಿನ್, ಲಿನೆಜೋಲಿಡ್ ಮುಂತಾದವು. ಮೊದಲ ಪ್ಯಾರಾದಲ್ಲಿ ಪೆನ್ನಿನ ತುದಿಗೆ ಬಂದ ಮೂರೂ ಎರಡನೇ ಗುಂಪಿನವು ಎಂಬುದನ್ನು ಗಮನಿಸಿ.

ಉರಿಮೂತ್ರ, ಜ್ವರವಿಲ್ಲ, ಬೆನ್ನುನೋವಿಲ್ಲ, ಗರ್ಭಿಣಿಯಲ್ಲ: ನೈಟ್ರೋಫ್ಯುರಾಂಟೊಯಿನ್ ನಿಧಾನ ಬಿಡುಗಡೆಯ 100 ಮಿ.ಗ್ರಾಂ ದಿನಕ್ಕೆರಡು ಸಲ ಊಟದ ಜೊತೆ 5 ದಿನ, ಅಥವಾ ಫಾಸ್ಫೋಮೈಸಿನ್ 3 ಗ್ರಾಂ ಪುಡಿ ನೀರಲ್ಲಿ ಕಲಸಿ ಒಂದೇ ಸಲ. ಜ್ವರ-ನಡುಕ ಇದ್ದು ಸೊಂಟದ ಪಕ್ಕ ಗುದ್ದಿದರೆ ನೋವಿದ್ದರೆ ಸೋಂಕು ಮೂತ್ರಪಿಂಡಕ್ಕೇರಿದೆ, ಅಲ್ಲಿ ಇವೆರಡೂ ಸಾಲವು; ಅಂಗಾಂಶದಲ್ಲಿ ಸಾಕಷ್ಟು ಮಟ್ಟ ಮುಟ್ಟುವುದಿಲ್ಲ. ಮೂತ್ರದ ಕಲ್ಚರ್ ತೆಗೆದು ಅಮಿಕಾಸಿನ್ ಕೆ.ಜಿ.ಗೆ 15 ಮಿ.ಗ್ರಾಂ ದಿನಕ್ಕೊಮ್ಮೆ ಶುರುಮಾಡಬಹುದು, ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿ. ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್‌ಗೆ ನಮ್ಮ ದೇಶದ ಇ. ಕೋಲೈ ಬಹುಪಾಲು ಬಗ್ಗುವುದಿಲ್ಲ. ತೊಂದರೆ ಏನೂ ಇಲ್ಲದ ಅಜ್ಜಿಯ ಮೂತ್ರದಲ್ಲಿ ಬ್ಯಾಕ್ಟೀರಿಯ ಕಂಡರೆ ಚಿಕಿತ್ಸೆ ಬೇಡ. ಗರ್ಭಿಣಿಗೆ ಮಾತ್ರ ಬೇಕು, ಮೂತ್ರನಾಳದ ಶಸ್ತ್ರಕ್ರಿಯೆಗೆ ಹೋಗುವವರಿಗೂ.

ನ್ಯುಮೋನಿಯಾ: ಈ ನಾಲ್ಕು ನೋಡಿ: ಗೊಂದಲ, ಉಸಿರು 30 ಅಥವಾ ಹೆಚ್ಚು, ಮೇಲಿನ ರಕ್ತದೊತ್ತಡ 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಇಲ್ಲವೇ ಕಡಿಮೆ, ವಯಸ್ಸು 65 ಅಥವಾ ಹೆಚ್ಚು. ಒಂದೂ ಇಲ್ಲದಿದ್ದರೆ, ಆಮ್ಲಜನಕ ಮಟ್ಟ ಸರಿಯಿದ್ದರೆ ಮನೆಯಲ್ಲೇ ಅಮಾಕ್ಸಿಸಿಲಿನ್ 1 ಗ್ರಾಂ ದಿನಕ್ಕೆ ಮೂರು ಸಲ 5 ದಿನ. ದಾಖಲಾದರೆ ಸೆಫ್ಟ್ರಿಯಾಕ್ಸೋನ್ ಜೊತೆ ಅಜಿತ್ರೊಮೈಸಿನ್. ಎರಡು ವಾರ ದಾಟಿದ ಕೆಮ್ಮಿಗೆ ಲೆವೊಫ್ಲಾಕ್ಸಾಸಿನ್ ಬರೆಯುವ ಕೈಯನ್ನು ಹಿಡಿದು ನಿಲ್ಲಿಸಬೇಕು. ಅದು ಕ್ಷಯದ ಬ್ಯಾಕ್ಟೀರಿಯವನ್ನೂ ಅರ್ಧ ತಣಿಸುತ್ತದೆ. ರೋಗಿ ಹತ್ತು ದಿನ ಚೇತರಿಸಿದಂತೆ ಕಂಡು, ಕಫ ಪರೀಕ್ಷೆ ನೆಗೆಟಿವ್ ಬಂದು, ತಿಂಗಳುಗಟ್ಟಲೆ ತಡವಾಗುತ್ತದೆ. ಮೊದಲು ಕಫ ಕಳಿಸಿ.

ಚರ್ಮ: ಹರಡುವ ಕೆಂಪು, ಬಿಸಿ, ನೋವಿಗೆ ಸೆಫಲೆಕ್ಸಿನ್ 500 ಮಿ.ಗ್ರಾಂ ಆರು ಗಂಟೆಗೊಮ್ಮೆ 5 ದಿನ. ಕೀವು ತುಂಬಿದ್ದರೆ ಕೊಯ್ದು ಹೊರಹಾಕುವುದೇ ಚಿಕಿತ್ಸೆ. ನಾಯಿ ಕಚ್ಚಿದ್ದರೆ ಸೋಪು-ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು, ರೇಬಿಸ್ ಲಸಿಕೆ ಮೊದಲು; ಆಳದ ಅಥವಾ ಕೈಯ ಗಾಯಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 3ರಿಂದ 5 ದಿನ. ಹಾವು ಕಚ್ಚಿದ ಊತ ವಿಷದಿಂದ ಬಂದದ್ದು, ಸೋಂಕಿನ ಗುರುತು ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಬೇಡ.

ಶಸ್ತ್ರಕ್ರಿಯೆಗೆ ಮುನ್ನ ಸೆಫಜೋಲಿನ್ 2 ಗ್ರಾಂ, ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ. ನಾಲ್ಕು ಗಂಟೆ ಮೀರಿದರೆ ಮತ್ತೊಂದು ಡೋಸ್. ಅಲ್ಲಿಗೆ ಮುಗಿಯಿತು. ಶುದ್ಧವಾದ ಹರ್ನಿಯಾ ಅಥವಾ ಸಿಸೇರಿಯನ್ ನಂತರ ಐದು ದಿನ ಸೆಫ್ಟ್ರಿಯಾಕ್ಸೋನ್-ಮೆಟ್ರೊನಿಡಜೋಲ್ ಕೊಡುವುದರಿಂದ ಗಾಯದ ಸೋಂಕು ಕಡಿಮೆಯಾಗುವುದಿಲ್ಲ. ಅಂದಹಾಗೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಪಿಪರಾಸಿಲಿನ್-ಟಾಜೋಬ್ಯಾಕ್ಟಮ್, ಮೆರೊಪೆನೆಮ್ ಈ ಮೂರೂ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳನ್ನು ತಾವೇ ಕೊಲ್ಲುತ್ತವೆ. ಇವುಗಳ ಜೊತೆ ಮೆಟ್ರೊನಿಡಜೋಲ್ ಬಾಟಲಿ ನೇತುಹಾಕುವುದು ಬರೀ ರೂಢಿ.

ಹೆಜ್ಜೆ 6: ಲೆಕ್ಕ

ಗುಳಿಗೆಯ ಅಂಕಿ ಮೋಸ ಮಾಡುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಎಂದರೆ 500 + 125. 375 ಎಂದರೆ 250 + 125. ಹಾಗಾಗಿ 625 ಸಿಗಲಿಲ್ಲವೆಂದು 375ರ ಎರಡು ಕೊಟ್ಟರೆ ಕ್ಲಾವುಲನೇಟ್ ದುಪ್ಪಟ್ಟಾಗಿ ರೋಗಿ ಭೇದಿಯಿಂದ ಬಳಲುತ್ತಾನೆ. ಸಿರಪ್‌ನಲ್ಲಿ 457 ಎಂದು ಬರೆದ ಬಾಟಲಿಯ 5 ಮಿ.ಲೀ.ನಲ್ಲಿ ಅಮಾಕ್ಸಿಸಿಲಿನ್ ಇರುವುದು 400 ಮಿ.ಗ್ರಾಂ, ಮಗುವಿನ ತೂಕದ ಲೆಕ್ಕ ಅದರ ಮೇಲೆ. 12 ಕೆ.ಜಿ. ಮಗುವಿಗೆ ದಿನಕ್ಕೆ ಕೆ.ಜಿ.ಗೆ 45 ಮಿ.ಗ್ರಾಂ ಎಂದರೆ 540. ಎರಡು ಹೊತ್ತಿಗೆ 270ರಂತೆ, ಪ್ರತಿ ಸಲ ಸುಮಾರು 3.4 ಮಿ.ಲೀ.

ಅದೇ ಮಗುವಿಗೆ ನ್ಯುಮೋನಿಯಾ ಆದರೆ, ಅಂದರೆ ಒಂದರಿಂದ ಐದು ವರ್ಷದೊಳಗೆ ಉಸಿರು ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ, ಅಮಾಕ್ಸಿಸಿಲಿನ್ ಪ್ರತಿ ಸಲ ಕೆ.ಜಿ.ಗೆ 40 ಮಿ.ಗ್ರಾಂ, ದಿನಕ್ಕೆರಡು ಸಲ. 480 ಆಗುತ್ತದೆ, ನೀರಲ್ಲಿ ಕರಗುವ 250ರ ಗುಳಿಗೆ ಎರಡೆರಡು. ಮನೆಯಲ್ಲಿ ಫ್ರಿಜ್ ಇಲ್ಲದವರಿಗೆ ಈ ಗುಳಿಗೆಯೇ ಮೇಲು. ಕ್ಲಾವುಲನೇಟ್ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಏಳೇ ದಿನ. ಪುಡಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಬೇಕು, ಮೊದಲು ಅರ್ಧ ಹಾಕಿ ಅಲುಗಿಸಿ ಆಮೇಲೆ ಉಳಿದದ್ದು. ಕೊಡುವ ಪ್ರತಿ ಸಲವೂ ಅಲುಗಿಸಬೇಕು, ಇಲ್ಲದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಗಟ್ಟಿ ಔಷಧ. ಅಡುಗೆಮನೆ ಚಮಚದಿಂದ ಅಳೆಯಬಾರದು.

ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಅಂಕಿಯನ್ನಷ್ಟೇ ನಂಬಬೇಡಿ, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ರಕ್ತ ಶುದ್ಧಿ ಮಾಡುತ್ತಿದೆ ಎಂದು ಲೆಕ್ಕ ಹಾಕಿ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ, ಹೆಣ್ಣಾದರೆ 0.85ರಿಂದ ಗುಣಿಸಿ. 70 ವರ್ಷ, 48 ಕೆ.ಜಿ., ಕ್ರಿಯಾಟಿನಿನ್ 1.2 ಇರುವ ಅಜ್ಜಿಗೆ ಇದು ನಿಮಿಷಕ್ಕೆ 33 ಮಿ.ಲೀ. ಬರುತ್ತದೆ. ಲ್ಯಾಬ್ ಚೀಟಿ ನೋಡಿದರೆ ‘ನಾರ್ಮಲ್’ಗೆ ಹತ್ತಿರ, ಮೂತ್ರಪಿಂಡ ಮಾತ್ರ ಮೂರನೇ ಒಂದರಷ್ಟೇ ಕೆಲಸ ಮಾಡುತ್ತಿದೆ. ಇವರಿಗೆ ಲೆವೊಫ್ಲಾಕ್ಸಾಸಿನ್ 750 ಬೇಕಾದರೆ ದಿನ ಬಿಟ್ಟು ದಿನ. ಆದರೆ ಯಾವ ಔಷಧವಾದರೂ ಮೊದಲ ಡೋಸ್ ಪೂರ್ತಿಯೇ ಇರಲಿ. ಕಡಿಮೆ ಮಾಡುವುದೇನಿದ್ದರೂ ಎರಡನೆಯದರಿಂದ.

ಹೆಜ್ಜೆ 7: ಯಾರಿಗೆ ಏನು ಆಗದು

“ನನಗ ಪೆನಿಸಿಲಿನ್ ಆಗಿ ಬರಂಗಿಲ್ರಿ” ಎಂದವರನ್ನು ನಾಲ್ಕು ಪ್ರಶ್ನೆ ಕೇಳಿ: ಯಾವ ಔಷಧ, ಎಷ್ಟು ವರ್ಷದ ಹಿಂದೆ, ತಗೊಂಡ ಎಷ್ಟು ಹೊತ್ತಿಗೆ, ಏನಾಯಿತು. ವಾಂತಿ, ಭೇದಿ ಅಲರ್ಜಿಯಲ್ಲ. ಒಂದು ಗಂಟೆಯೊಳಗೆ ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟಿದ್ದು, ಅಥವಾ ಆಮೇಲೆ ಬಾಯಿ-ಕಣ್ಣು ಹುಣ್ಣಾಗಿ ಚರ್ಮ ಸುಲಿದದ್ದು ಇದ್ದರೆ ಮತ್ತೆ ಮುಟ್ಟಬಾರದು. ಚರ್ಮದಡಿ ‘ಟೆಸ್ಟ್ ಡೋಸ್’ ಕೊಟ್ಟು ಏನೂ ಆಗಲಿಲ್ಲ ಎಂದು ನಿಶ್ಚಿಂತರಾಗಬೇಡಿ, ಪೂರ್ತಿ ಡೋಸ್‌ಗೆ ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯವಾಗುವ ಅಲರ್ಜಿ) ಆಗಬಹುದು. ಇಂಜೆಕ್ಷನ್ ಕೊಡುವ ಕೋಣೆಯಲ್ಲಿ ಅಡ್ರಿನಲಿನ್ ಕೈಗೆಟುಕುವಂತೆ ಇರಲಿ: ವಯಸ್ಕರಿಗೆ 1:1000ದ 0.5 ಮಿ.ಲೀ. ತೊಡೆಯ ಮಧ್ಯಭಾಗದ ಹೊರಬದಿ ಸ್ನಾಯುವಿಗೆ, ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಹೈಡ್ರೊಕಾರ್ಟಿಸೋನ್, ಅವಿಲ್ (ಅಲರ್ಜಿಯ ಇಂಜೆಕ್ಷನ್) ಅಡ್ರಿನಲಿನ್ ಬದಲಿಗಲ್ಲ. ಮೊದಲ ಇಂಜೆಕ್ಷನ್ ಆದವರನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ.

ಸೆಫ್ಟ್ರಿಯಾಕ್ಸೋನ್ ಸ್ನಾಯುವಿಗೆ ಕೊಡಲು ಲಿಗ್ನೊಕೇನ್‌ನಲ್ಲಿ (ಜಾಗ ಮರಗಟ್ಟಿಸುವ ಔಷಧ) ಕಲಸಿದ್ದರೆ ಅದು ರಕ್ತನಾಳಕ್ಕೆ ಹೋಗಲೇಬಾರದು. ರಿಂಗರ್ ಲ್ಯಾಕ್ಟೇಟ್ ಹರಿಯುತ್ತಿರುವ ಅದೇ ಕೊಳವೆಯಲ್ಲೂ ಕೊಡಬಾರದು, ಕ್ಯಾಲ್ಸಿಯಂ ಜೊತೆ ಹರಳುಗಟ್ಟುತ್ತದೆ. ನವಜಾತ ಶಿಶುವಿಗೆ ಕ್ಯಾಲ್ಸಿಯಂ ಹೋಗುತ್ತಿದ್ದರೆ ಆ ಔಷಧವೇ ಬೇಡ.

ಗ್ಲಿಮೆಪಿರೈಡ್ ತಗೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಲೆವೊಫ್ಲಾಕ್ಸಾಸಿನ್ ಕೊಟ್ಟರೆ ಸಕ್ಕರೆ ದಿಢೀರ್ ಕುಸಿಯಬಹುದು. ರಕ್ತದೊತ್ತಡ, ಹೃದಯದ ಕಾಯಿಲೆಗೆ ಟೆಲ್ಮಿಸಾರ್ಟನ್ ಅಥವಾ ಸ್ಪೈರನೊಲ್ಯಾಕ್ಟೋನ್ ತಗೊಳ್ಳುವ ವೃದ್ಧರಿಗೆ ಕೋಟ್ರೈಮಾಕ್ಸಜೋಲ್ ಕೊಟ್ಟರೆ ಪೊಟ್ಯಾಸಿಯಂ ಏರುತ್ತದೆ. ಅಜಿತ್ರೊಮೈಸಿನ್ ಮತ್ತು ವಾಂತಿ ತಡೆಯುವ ಒಂಡನ್‌ಸೆಟ್ರಾನ್ ಎರಡೂ ಹೃದಯದ ಕ್ಯೂಟಿ ಅವಧಿ (ಇಸಿಜಿಯ ಒಂದು ಅಳತೆ; ಹೆಚ್ಚಿದರೆ ಬಡಿತದ ಲಯ ತಪ್ಪಬಹುದು) ಹಿಗ್ಗಿಸುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್ ಜೊತೆ ನುಂಗಿದ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ರಕ್ತ ಸೇರುವುದೇ ಕಡಿಮೆ. ಆ್ಯಂಟಿಬಯಾಟಿಕ್ ಅನ್ನು ಎರಡು ಗಂಟೆ ಮೊದಲು ಕೊಡಿ. ಡಾಕ್ಸಿಸೈಕ್ಲಿನ್ ನುಂಗುವಾಗ ತುಂಬಿದ ಲೋಟ ನೀರು, ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣು. ಬಿಸಿಲಿಗೆ ಚರ್ಮ ಉರಿಯುತ್ತದೆ, ಹೊಲಕ್ಕೆ ಹೋಗುವವರಿಗೆ ಮೈಮುಚ್ಚುವ ಅಂಗಿ ಹೇಳಿ. ಗರ್ಭಿಣಿಗೆ ಪೆನಿಸಿಲಿನ್, ಸೆಫಲೊಸ್ಪೊರಿನ್, ಅಜಿತ್ರೊಮೈಸಿನ್ ಸರಿ. ಕ್ವಿನೊಲೋನ್ (ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್‌ನಂಥವು), ಡಾಕ್ಸಿಸೈಕ್ಲಿನ್ ಬೇಡ, ದಿನ ತುಂಬಿದಾಗ ನೈಟ್ರೋಫ್ಯುರಾಂಟೊಯಿನ್ ಕೂಡ ಬೇಡ.

ಹೆಜ್ಜೆ 8: 48ರಿಂದ 72 ಗಂಟೆಗೆ ಮತ್ತೊಮ್ಮೆ

ಕೇಸ್ ಶೀಟಿನಲ್ಲಿ ‘ಸಿಟಿ ಆಲ್’ (ಎಲ್ಲ ಔಷಧ ಮುಂದುವರಿಸಿ) ಎಂದು ಬರೆದು ಮುಂದೆ ಹೋಗುವ ಬೆಳಗಿನ ರೌಂಡ್ಸ್‌ನಲ್ಲೇ ಐದು ದಿನದ ಔಷಧ ಹತ್ತು ದಿನಕ್ಕೆ ಜಗ್ಗುತ್ತದೆ. ಮೂರನೇ ದಿನ ಕೂತು ಒಂದು ನಿರ್ಧಾರ ಬರೆಯಿರಿ: ನಿಲ್ಲಿಸು, ಕಿರಿದಾದ ಔಷಧಕ್ಕಿಳಿಸು, ಬಾಯಿಗೆ ಬದಲಿಸು, ಮುಂದುವರಿಸು. 24 ಗಂಟೆಯಿಂದ ಜ್ವರ ಇಳಿಮುಖ, ನಾಡಿ-ಒತ್ತಡ ಸರಿ, ಊಟ ಇಳಿಯುತ್ತಿದೆ ಎಂದರೆ ಬಹುತೇಕ ಸೋಂಕುಗಳಲ್ಲಿ ಇಂಜೆಕ್ಷನ್‌ನಿಂದ ಗುಳಿಗೆಗೆ ಬರಬಹುದು. ಕ್ಯಾನುಲಾ ಬೇಗ ಹೊರಬಂದಷ್ಟೂ ಅದರ ಸೋಂಕು ಕಡಿಮೆ.

ಸುಧಾರಿಸದಿದ್ದರೆ ಔಷಧವನ್ನು ದೂರುವ ಮೊದಲು ನೋಡಬೇಕಾದ್ದು: ಒಳಗೆ ಕೀವಿದೆಯೇ, ಕಲ್ಲು ಅಡ್ಡವಾಗಿದೆಯೇ, ಡೋಸ್ ನಿಜವಾಗಿ ಹೋಗಿದೆಯೇ, ರೋಗನಿರ್ಣಯ ಸರಿಯೇ, ಜ್ವರ ಔಷಧದಿಂದಲೇ ಬರುತ್ತಿದೆಯೇ.

ಅವಧಿ: ನ್ಯುಮೋನಿಯಾ 5 ದಿನ, ಮೂತ್ರಪಿಂಡದ ಸೋಂಕು 7, ಹೊಟ್ಟೆಯೊಳಗಿನ ಕೀವು ಪೂರ್ತಿ ತೆಗೆದಿದ್ದರೆ 4, ಮೂತ್ರದಿಂದ ರಕ್ತಕ್ಕೆ ಹೋದ ಇ. ಕೋಲೈ ಚೇತರಿಸಿದ್ದರೆ 7. ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಸಿಕ್ಕರೆ ಮಾತ್ರ ಅವಸರ ಬೇಡ: ಕನಿಷ್ಠ 14 ದಿನ ಇಂಜೆಕ್ಷನ್, ಹೃದಯದ ಎಕೋ, ಮತ್ತೆ ಕಲ್ಚರ್.

ಹೆಜ್ಜೆ 9: ಚೀಟಿ, ಅಂಗಡಿ, ರೋಗಿ

ಚೀಟಿಯಲ್ಲಿ ಕಾರಣ, ಡೋಸ್, ನಿಲ್ಲಿಸುವ ದಿನಾಂಕ ಮೂರೂ ಇರಲಿ. ‘ಉರಿಮೂತ್ರ, ನೈಟ್ರೋಫ್ಯುರಾಂಟೊಯಿನ್ 100, ದಿನಕ್ಕೆರಡು, 14ರ ರಾತ್ರಿ ಕೊನೆಯದು’ ಎಂಬ ಒಂದು ಸಾಲು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರನ್ನು ಕೇಳಿಕೊಂಡದ್ದೂ ಇದನ್ನೇ: ಆ್ಯಂಟಿಬಯಾಟಿಕ್ ಬರೆದರೆ ಕಾರಣವನ್ನೂ ಬರೆಯಿರಿ ಎಂದು. ಕಾರಣ ಬರೆಯಲು ಕೂತಾಗ ಕೈ ತಡೆದರೆ ಬಹುಶಃ ಆ ಔಷಧ ಬೇಕಿರಲಿಲ್ಲ.

ಔಷಧ ಅಂಗಡಿಯವರಿಗೆ: 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಎಂಬ ಔಷಧ ಪಟ್ಟಿಯಲ್ಲಿ ಮೂರನೇ-ನಾಲ್ಕನೇ ಪೀಳಿಗೆಯ ಸೆಫಲೊಸ್ಪೊರಿನ್, ಕಾರ್ಬಪೆನೆಮ್, ಲೆವೊಫ್ಲಾಕ್ಸಾಸಿನ್‌ನಂಥವು ಸೇರಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆ ಸ್ಟ್ರಿಪ್ ತೋರಿಸಿ “ಇದ ಗುಳಿಗಿ ಎರಡ ಕೊಡ್ರಿ” ಎಂದವರಿಗೆ ಸ್ಟ್ರಿಪ್ಪಿನ ಕೆಂಪು ಗೆರೆ ತೋರಿಸಿ, ಜ್ವರ ಎಷ್ಟು ದಿನದ್ದು ಎಂದು ಕೇಳಿ ದವಾಖಾನೆಗೆ ಕಳಿಸಿ.

ರೋಗಿಗೆ “ಮೂರ್ ದಿನ ಬಿಟ್ಟು ಬರ್ರಿ” ಎಂದರೆ ಬರುವುದಿಲ್ಲ. ವಾರ ಹೇಳಿ, ಸಾಧ್ಯವಾದರೆ ಅವರೂರಿನ ಸಂತೆ ದಿನವನ್ನೇ ಹೇಳಿ: “ಶುಕ್ರವಾರ ಸಂತಿಗೆ ಬಂದಾಗ ಬರ್ರಿ, ಜ್ವರ ಇಳದಿದ್ರೂ ಬರ್ರಿ.” ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ, ಮೂತ್ರ ಕಡಿಮೆ, ರಕ್ತಭೇದಿ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ ಶುಕ್ರವಾರಕ್ಕೆ ಕಾಯದೆ ಅದೇ ರಾತ್ರಿ ಬರಬೇಕು ಎಂದು ಜೊತೆಗೆ ಬಂದವರಿಗೆ ಹೇಳಿ. ಔಷಧ ನಡುವೆ ಬದಲಾಗಿ ಗುಳಿಗೆ ಉಳಿದರೆ ಮನೆಯಲ್ಲಿ ಇಟ್ಟುಕೊಳ್ಳದೆ ಮುಂದಿನ ಭೇಟಿಗೆ ಸ್ಟ್ರಿಪ್ ಸಮೇತ ತರಲು ಹೇಳಿ. ಎಷ್ಟು ಡೋಸ್ ನಿಜವಾಗಿ ಹೊಟ್ಟೆಗೆ ಹೋಗಿದೆ ಎಂಬ ಲೆಕ್ಕವೂ ಅದರಿಂದ ಸಿಗುತ್ತದೆ.